ಮೂವತ್ತು ಸೆಕೆಂಡಿನ ಖಾಲಿ ಸದ್ದು

“ಮೊದಲು ಫೋನನ್ನ ಏರೋಪ್ಲೇನ್ ಮೋಡ್‌ಗೆ ಹಾಕಿ ಮೇಡಂ. ರೆಕಾರ್ಡಿಂಗ್ ಮಧ್ಯದಲ್ಲಿ ಯಾರಾದ್ರೂ ಕಾಲ್ ಮಾಡಿದ್ರೆ ಅಷ್ಟೇ, ಮಾಡಿದ್ದೆಲ್ಲ ಹಾಳು.”

ಹೇಳಿದ ಹಾಗೆ ಮಾಡಿದೆ. ಐವತ್ತನಾಲ್ಕರ ವಯಸ್ಸಿನಲ್ಲಿ ಮೂವತ್ತೆರಡರ ಹುಡುಗನ ಮುಂದೆ ಪಾಠಕ್ಕೆ ಕೂತಿದ್ದೆ. ಮುಖದಲ್ಲಿ ಭಯಭಕ್ತಿ, ಮಡಿಲಲ್ಲಿ ನೋಟ್‌ಬುಕ್ಕು, ಹೊಟ್ಟೆಯಲ್ಲಿ ಬೆಂಕಿ.

ಇವನನ್ನು ಕೇಳುಗರು ಪ್ರೀತಿಯಿಂದ ಜೇನುಗಂಟಲು ಎಂದು ಕರೆಯುತ್ತಾರೆ. ವಾರಕ್ಕೊಂದು ಪಾಡ್‌ಕಾಸ್ಟು, ನಾಲ್ಕು ಲಕ್ಷ ಕಿವಿಗಳು. ಭಾನುವಾರ ಮಧ್ಯಾಹ್ನ ಮಾತ್ರ ಹೀಗೆ ಮನೆಯಲ್ಲೇ ತರಗತಿ: ‘ನಿಮ್ಮ ಮೊಬೈಲಿನಲ್ಲೇ ಪಾಡ್‌ಕಾಸ್ಟ್ ಮಾಡಿ’. ಮಕ್ಕಳಿಗೆ ಕಥೆ ಹೇಳುವ ಪಾಡ್‌ಕಾಸ್ಟು ಮಾಡುವ ಆಸೆಯಿದೆ ಎಂದು ಹಸಿ ಸುಳ್ಳು ಹೇಳಿ ನಾನು ಸೇರಿಕೊಂಡಿದ್ದೆ.

ನಾವಿಬ್ಬರೂ ಅವನ ಮಲಗುವ ಕೋಣೆಯಲ್ಲಿ, ಬಟ್ಟೆ ಬೀರುವಿನ ಎದುರು ಎರಡು ಗಿಡ್ಡ ಸ್ಟೂಲುಗಳ ಮೇಲೆ ಕೂತಿದ್ದೆವು. ಬೀರುವಿನ ಬಾಗಿಲು ತೆರೆದಿತ್ತು. ತೂಗುಬಿದ್ದ ಕೋಟು, ಅಂಗಿಗಳ ನಡುವೆ ಮಡಚಿದ ರಜಾಯಿ, ಅದರ ಮೇಲೆ ಅವನ ಸ್ಮಾರ್ಟ್‌ಫೋನು. ಅದರ ಬುಡಕ್ಕೆ ಒಂದು ಕರಿ ಕಾಲುಚೀಲ ಏರಿಸಿದ್ದ.

“ಉಸಿರು ನೇರವಾಗಿ ಮೈಕ್‌ಗೆ ಹೊಡೀಬಾರದು ಅಂತ ಕಾಲುಚೀಲ. ಗೋಡೆಯಿಂದ ಸದ್ದು ವಾಪಸ್ ಬರಬಾರದು ಅಂತ ಬಟ್ಟೆಗಳು,” ಎಂದು ನಕ್ಕ. “ಸ್ಟುಡಿಯೋ ಅಂದ್ರೆ ಇಷ್ಟೇ ಮೇಡಂ. ಜನ ಸುಮ್ಮನೆ ದೊಡ್ಡದು ಮಾಡ್ತಾರೆ.”

ನನಗೂ ನಗು ಬರಬೇಕಿತ್ತು. ಆದರೆ ಈ ಕಾಲುಚೀಲದ ಫೋನಿನಿಂದ ಹೊರಟ ಎಂಟು ನಿಮಿಷದ ಒಂದು ಕಂತಿನಿಂದಾಗಿ ನನ್ನ ತಮ್ಮ ಒಂಬತ್ತು ದಿನದಿಂದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದಾನೆ.

ತಮ್ಮ ಲಿಫ್ಟ್ ಮೆಕ್ಯಾನಿಕ್ಕು. ಅವನು ನೋಡಿಕೊಳ್ಳುತ್ತಿದ್ದ ಆರು ಮಹಡಿಯ ಕಟ್ಟಡದ ಒಂದೇ ಒಂದು ಲಿಫ್ಟು ಇಪ್ಪತ್ತೊಂದನೇ ತಾರೀಖು ಐದನೇ ಮಹಡಿಯಿಂದ ಜಾರಿ ಕೆಳಗೆ ಬಿತ್ತು. ಒಳಗಿದ್ದವಳು ರಕ್ತ ಪರೀಕ್ಷೆಯ ಲ್ಯಾಬಿನ ಹುಡುಗಿ, ಇಪ್ಪತ್ತಾರು ವರ್ಷ. ಉಳಿಯಲಿಲ್ಲ.

ಎರಡು ದಿನಕ್ಕೆ ಜೇನುಗಂಟಲಿನ ಕಂತು ಬಂತು. ದುರಂತದ ಮರುದಿನ ಅದೇ ಕಟ್ಟಡದ ನೆತ್ತಿಯ ಮೇಲಿನ ಮೋಟಾರು ಕೋಣೆಯಲ್ಲಿ ತಾನು ಮೆಕ್ಯಾನಿಕ್ಕನನ್ನು ಮಾತಾಡಿಸಿದೆ ಎಂದು ಅದರಲ್ಲಿ ಹೇಳಿಕೊಂಡಿದ್ದ. ಆಮೇಲೆ ನನ್ನ ತಮ್ಮನ ಧ್ವನಿ: “ಬ್ರೇಕ್ ಸವೆದಿದೆ ಅಂತ ಗೊತ್ತಿತ್ತು... ಬದಲಾಯಿಸ್ಲಿಲ್ಲ... ತಪ್ಪು ನಂದೇ.”

ಅವತ್ತೇ ಸಂಜೆ ಹದಿನೈದು ಜನ ಅವನ ಮನೆ ಬಾಗಿಲಿಗೆ ಬಂದರು. ಅವರಲ್ಲಿ ಒಬ್ಬನೂ ಸತ್ತ ಹುಡುಗಿಯ ನೆಂಟನಲ್ಲ, ಅವಳ ಮುಖ ಕಂಡವನೂ ಅಲ್ಲ. ಕಂತು ಕೇಳಿದ್ದರು, ಅಷ್ಟೇ. ತಮ್ಮ ಬಾಗಿಲು ತೆರೆದ. ಆಮೇಲೆ ನಡೆದದ್ದನ್ನು ಬರೆಯಲು ನನ್ನ ಕೈ ಇವತ್ತಿಗೂ ಬರುವುದಿಲ್ಲ.

ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಆರೋಪಪಟ್ಟಿ ಕೋರ್ಟಿಗೆ ಹೋಗುತ್ತದೆ. ಅದರಲ್ಲಿ ಒಂದೇ ಹೆಸರು, ನನ್ನ ತಮ್ಮನದು. “ಧ್ವನಿ ಅವರದ್ದೇ ತಾನೇ ಮೇಡಂ?” ಎಂದು ಇನ್ಸ್‌ಪೆಕ್ಟರಮ್ಮ ನನ್ನನ್ನು ಕೇಳಿದ್ದರು. “ಅವರ ಹೆಂಡತೀನೇ ಗುರುತು ಹಿಡಿದಿದಾರೆ. ಇನ್ನೇನು ಬೇಕು?”

ಏನು ಬೇಕು ಎಂದು ತೋರಿಸಲು ನನಗೆ ಉಳಿದಿದ್ದದ್ದು ಈ ಒಂದು ಮಧ್ಯಾಹ್ನ.

“ಈಗ ಮುಖ್ಯವಾದ ಗುಟ್ಟು ಹೇಳಿಕೊಡ್ತೀನಿ,” ಎಂದ ಜೇನುಗಂಟಲು. “ಇದನ್ನ ಯಾರೂ ಹೇಳಿಕೊಡಲ್ಲ. ಮಾತು ಶುರು ಮಾಡೋ ಮೊದಲು ಮೂವತ್ತು ಸೆಕೆಂಡ್ ಬಾಯಿ ಮುಚ್ಕೊಂಡು ಕೂತ್ಕೋಬೇಕು. ಆ ಕೋಣೆಯ ಖಾಲಿ ಸದ್ದನ್ನ ಮಾತ್ರ ರೆಕಾರ್ಡ್ ಮಾಡ್ಬೇಕು.”

“ಖಾಲಿ ಸದ್ದಾ? ಅದ್ಯಾಕೆ ಸರ್?” ಎಂದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವಳ ಹಾಗೆ ಪೆನ್ನೂ ಹಿಡಿದೆ.

“ಒಂದೊಂದು ಕೋಣೆಗೆ ಒಂದೊಂದು ಸದ್ದು ಇರುತ್ತೆ ಮೇಡಂ. ಆಮೇಲೆ ಕೆಮ್ಮು ಗಿಮ್ಮು, ಬೇಡದ ಮಾತು ಎಲ್ಲ ಕತ್ತರಿಸ್ತೀವಲ್ಲ? ಆ ಜಾಗ ಧುತ್ ಅಂತ ಮೌನ ಆದ್ರೆ ಕೇಳೋರಿಗೆ ಗೊತ್ತಾಗಿಬಿಡುತ್ತೆ. ಅದಕ್ಕೆ ಈ ಖಾಲಿ ಸದ್ದನ್ನ ತಂದು ಅಲ್ಲಿ ಅಂಟಿಸೋದು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಯಾರಪ್ಪನಿಗೂ ಗೊತ್ತಾಗಲ್ಲ.”

“ಫ್ಯಾನ್ ಸದ್ದು, ಮೋಟಾರ್ ಸದ್ದು ಇದ್ರೆ?”

“ಒಂದೇ ಸಮ ಗುಂಯ್ ಅನ್ನೋದನ್ನೆಲ್ಲ ಆ್ಯಪ್ ನುಂಗಿಹಾಕುತ್ತೆ. ಒಂದು ಬಟನ್ ಒತ್ತಿದ್ರೆ ಸಾಕು.”

“ಮತ್ತೆ ಟಕ್ ಅಂತ ಒಂದೊಂದೇ ಸಲ ಬರೋ ಸದ್ದು?”

“ಅದು ಉಳ್ಕೊಳ್ಳುತ್ತೆ. ಉಳೀಲಿ ಬಿಡಿ, ಸಹಜವಾಗಿರುತ್ತೆ.” ಕೈಯನ್ನು ಗಾಳಿಯಲ್ಲಿ ಆಡಿಸಿದ. “ತುಂಬಾ ನುಣ್ಣಗಾದ್ರೂ ಜನ ನಂಬಲ್ಲ ಮೇಡಂ.”

ನಾನು ನೋಟ್‌ಬುಕ್ಕು ಮುಚ್ಚಿದೆ. ನನಗೆ ಬೇಕಾದ ಪಾಠ ಮುಗಿದಿತ್ತು.

ನಾನು ಯಾರು ಎಂದು ಅವನಿಗೆ ಗೊತ್ತಿರಲಿಲ್ಲ. ಕೋರ್ಟಿನ ಧ್ವನಿಮುದ್ರಣಗಳನ್ನು ಕೇಳಿ ಟೈಪ್ ಮಾಡುವುದು ನನ್ನ ಕೆಲಸ. ಇಪ್ಪತ್ತೆಂಟು ವರ್ಷದಿಂದ ಇದೇ ಅನ್ನ. ಗುಮಾಸ್ತರು ನನ್ನನ್ನು ಕಿವಿ ಮೇಡಂ ಎಂದು ಕರೆಯುತ್ತಾರೆ, ಎದುರಿಗೇ. ಸಾಕ್ಷಿ ಕೆಮ್ಮಿದರೆ ‘ಕೆಮ್ಮು’ ಎಂದು ಬರೆಯುತ್ತೇನೆ, ಕುರ್ಚಿ ಕಿರುಗುಟ್ಟಿದರೆ ‘ಕುರ್ಚಿ’ ಎಂದು ಬರೆಯುತ್ತೇನೆ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ತೀರ್ಮಾನಿಸುವ ಅಧಿಕಾರ ಟೈಪ್ ಮಾಡುವವಳಿಗಿಲ್ಲ. ಬೇರೆಯವರ ಮಾತಿನಿಂದ ಒಂದು ಅಕ್ಷರ ಎಗರಿಸುವುದೂ ನನ್ನ ಲೆಕ್ಕದಲ್ಲಿ ಕಳ್ಳತನವೇ.

ತಮ್ಮನ ಕಂತನ್ನೂ ಹಾಗೇ ಟೈಪ್ ಮಾಡಿದ್ದೆ. ಮೂರು ಹಗಲು, ರಜೆ ಹಾಕಿ, ಬಾಗಿಲು ಜಡಿದುಕೊಂಡು. ಅಳು ಬಂದಾಗ ಹೆಡ್‌ಫೋನು ತೆಗೆದು ಮುಖ ತೊಳೆದು ಬಂದು ಮತ್ತೆ ಕೂತಿದ್ದೆ.

ಚೀಲದಿಂದ ಒಂದು ಹಾಳೆ ತೆಗೆದು ಅವನ ಮುಂದೆ ಹಿಡಿದೆ.

“ನನ್ನ ಹೋಂವರ್ಕ್ ಸರ್. ಸ್ವಲ್ಪ ನೋಡಿ ಹೇಳಿ.”

ಅವನು ನಗುತ್ತಲೇ ತೆಗೆದುಕೊಂಡ. ಹಾಳೆಯಲ್ಲಿ ಮೂರು ಕಡೆ ಕೆಂಪು ಗೆರೆ ಎಳೆದಿದ್ದೆ. ಎರಡನೇ ನಿಮಿಷದಲ್ಲಿ: ಟಕ್, ಪಾರಿವಾಳದ ರೆಕ್ಕೆ, ದೂರದಲ್ಲಿ ಶಟರ್ ಎಳೆದ ಸದ್ದು, ಟಕ್. ಐದನೇ ನಿಮಿಷದಲ್ಲಿ: ಟಕ್, ಪಾರಿವಾಳದ ರೆಕ್ಕೆ, ದೂರದಲ್ಲಿ ಶಟರ್ ಎಳೆದ ಸದ್ದು, ಟಕ್. ಏಳನೇ ನಿಮಿಷದಲ್ಲಿ ಮತ್ತೆ ಅದೇ. ಎರಡು ಟಕ್‌ಗಳ ನಡುವೆ ಮೂರು ಸಲವೂ ನಾಲ್ಕೇ ಸೆಕೆಂಡು, ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ.

“ಒಂದೇ ಪಾರಿವಾಳ ಎಂಟು ನಿಮಿಷದಲ್ಲಿ ಮೂರು ಸಲ ಅದೇ ರೀತಿ ರೆಕ್ಕೆ ಬಡಿಯುತ್ತಾ ಸರ್?” ಎಂದೆ. “ಅದೂ ಅದೇ ಶಟರ್ ಎಳೆಯೋ ಹೊತ್ತಿಗೇ?”

ಜೇನುಗಂಟಲಿನ ಮುಖ ಇಂಗು ತಿಂದ ಮಂಗನಂತಾಯಿತು.

“ಯಾರು ನೀವು?”

“ತಪ್ಪು ನಂದೇ ಅಂತ ನೀನು ಯಾರ ಬಾಯಲ್ಲಿ ಹೇಳಿಸಿದ್ಯೋ, ಅವನ ಅಕ್ಕ.”

ಸರ್ ಎನ್ನುವುದೂ ನೀವು ಎನ್ನುವುದೂ ನನ್ನ ಬಾಯಿಂದ ಬಿದ್ದುಹೋಗಿದ್ದವು. ಹೋಗಲಿ ಎಂದು ಬಿಟ್ಟೆ.

ಅವನು ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. ನಾಲ್ಕು ಲಕ್ಷ ಜನರ ಜೊತೆ ಮಾತಾಡುವ ಆ ಧ್ವನಿಯನ್ನು ಹುಡುಕಿ ತಂದುಕೊಂಡ. “ನೋಡಿ, ನಿಮ್ಮ ನೋವು ನನಗೆ ಅರ್ಥ ಆಗುತ್ತೆ. ಆದರೆ ಎಡಿಟಿಂಗ್ ಅನ್ನೋದು ಎಲ್ಲರೂ ಮಾಡ್ತಾರೆ. ಕೆಮ್ಮು, ತೊದಲು ತೆಗೀತೀವಿ. ಅದು ಅಪರಾಧ ಅಲ್ಲ.”

“ಕೆಮ್ಮು ತೆಗೆದ್ಯಾ? ಇಲ್ಲಿ ನೋಡು, ನಾಲ್ಕು ಕಡೆ ಅವನು ಕೆಮ್ಮಿದಾನೆ, ಎಲ್ಲಾ ಹಾಗೇ ಇದೆ. ಮೋಟಾರು ಕೋಣೆಯ ಧೂಳಿಗೆ ಅವನಿಗೆ ಮೊದಲಿಂದಲೂ ಕೆಮ್ಮು. ನೀನು ತೆಗೆದಿರೋದು ಬೇರೆ ಏನನ್ನೋ.”

“ಅವರು ಒಪ್ಕೊಂಡಿದಾರೆ. ದುರಂತದ ಮರುದಿನ ಅವರೇ ನನ್ನನ್ನ ಕರೆಸಿ...”

“ಮರುದಿನ?” ನಾನು ಎದ್ದೆ. “ಆ ಟಕ್ ಏನು ಅಂತ ಗೊತ್ತಾ ನಿನಗೆ?”

ಅವನಿಗೆ ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆಯವರೆಗೆ ನನಗೂ ಗೊತ್ತಿರಲಿಲ್ಲ.

ತಿಳಿಸಿದ್ದು ಮೇಸ್ತ್ರಿ. ತಮ್ಮನಿಗೆ ಹದಿನೆಂಟನೇ ವಯಸ್ಸಿನಲ್ಲಿ ಸ್ಪ್ಯಾನರು ಹಿಡಿಯಲು ಕಲಿಸಿದ ಮನುಷ್ಯ. ಈಗ ಅದೇ ಕಂಪನಿಯಲ್ಲಿ ಮೇಲ್ವಿಚಾರಕ. ಆಸ್ಪತ್ರೆಯ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಅವರ ಕಿವಿಗೆ ಹೆಡ್‌ಫೋನು ಹಾಕಿ, ಮಾತಿಲ್ಲದ ಆ ನಾಲ್ಕು ಸೆಕೆಂಡು ಮಾತ್ರ ಕೇಳಿಸಿದ್ದೆ.

“ಕಾಂಟ್ಯಾಕ್ಟರ್ ಕಣಮ್ಮ,” ಎಂದಿದ್ದರು ಥಟ್ಟನೆ. “ಮೋಟಾರಿಗೆ ಕರೆಂಟ್ ಕೊಡೋ ಸ್ವಿಚ್ಚು. ಕೆಳಗೆ ಯಾರೋ ಬಟನ್ ಒತ್ತಿದಾರೆ. ಲಿಫ್ಟ್ ಹೊರಟ್ರೆ ಒಂದು ಟಕ್, ನಿಂತ್ರೆ ಒಂದು ಟಕ್. ಒಂದು ಮಹಡಿ ಹತ್ತಿರಬೇಕು.” ಆಮೇಲೆ ಹೆಡ್‌ಫೋನು ತೆಗೆದು ನನ್ನ ಮುಖ ನೋಡಿದ್ದರು. “ಇದು ಯಾವತ್ತಿಂದು?”

ನಾನು ಹೇಳಿದ್ದೆ. ಕಂತನ್ನು ಯಾರೋ ಕತ್ತರಿಸಿ ಅಂಟಿಸಿದ್ದಾರೆ, ಇವತ್ತು ಅದನ್ನು ಬಯಲು ಮಾಡುತ್ತೇನೆ ಎಂದೂ ಹೇಳಿದ್ದೆ. ಇನ್ಸ್‌ಪೆಕ್ಟರಿಗಾಗಲಿ ತಮ್ಮನ ಹೆಂಡತಿಗಾಗಲಿ ಇನ್ನೂ ಬಾಯಿಬಿಟ್ಟಿರಲಿಲ್ಲ. ಪುರಾವೆ ಕೈಗೆ ಬರಲಿ ಎಂದು ಸುಮ್ಮನಿದ್ದೆ. ಮೇಸ್ತ್ರಿಯ ಹತ್ತಿರ ಮುಚ್ಚಿಡುವುದೇನಿದೆ?

“ಬ್ರೇಕ್ ವಿಷಯ ಅವನು ನಿಮಗೇನಾದ್ರೂ ಹೇಳಿದ್ನಾ ಮೇಸ್ತ್ರಿ?” ಎಂದೂ ಕೇಳಿದ್ದೆ.

“ಇಲ್ಲಮ್ಮ. ಹೇಳಿದ್ರೆ ನಾನು ಸುಮ್ನಿರ್ತಿದ್ನಾ?” ಎಂದಾಗ ಅವರ ಕಣ್ಣು ತುಂಬಿತ್ತು. ನಾನೇ ಅವರನ್ನು ಸಮಾಧಾನ ಮಾಡಿ, ತಮ್ಮನ ಹೆಂಡತಿ ಒಬ್ಬಳೇ ಇದ್ದಾಳೆ, ಸ್ವಲ್ಪ ಹೊತ್ತು ಜೊತೆಗಿರಿ ಎಂದು ಒಳಗೆ ಕಳಿಸಿ ಇಲ್ಲಿಗೆ ಬಂದಿದ್ದೆ.

ಈಗ ಅದೇ ಮಾತನ್ನು ಜೇನುಗಂಟಲಿಗೆ ಬಿಡಿಸಿ ಹೇಳಿದೆ.

“ಲಿಫ್ಟ್ ಓಡಾಡ್ತಾ ಇದ್ರೆ ಮಾತ್ರ ಟಕ್ ಬರೋದು. ಅಪಘಾತ ಆದ ಅರ್ಧ ಗಂಟೆಗೆ ಆ ಲಿಫ್ಟಿನ ಕರೆಂಟ್ ಕಿತ್ತುಹಾಕಿದಾರೆ. ಪೊಲೀಸರ ಕಾಗದದಲ್ಲೇ ಇದೆ. ಇವತ್ತಿಗೂ ಕೊಟ್ಟಿಲ್ಲ. ಹೇಳು, ಸತ್ತ ಲಿಫ್ಟು ಮರುದಿನ ಹೇಗೆ ಓಡಾಡ್ತು?”

ಅವನು ಕುಸಿದು ಸ್ಟೂಲಿನ ಮೇಲೆ ಕೂತ.

“ಯಾವಾಗ ರೆಕಾರ್ಡ್ ಮಾಡಿದ್ದು?”

“ಮೊದಲೇ.”

“ಎಷ್ಟು ಮೊದಲು?”

“ಹತ್ತನೇ ತಾರೀಖು.”

ಹತ್ತನೇ ತಾರೀಖು. ಲಿಫ್ಟು ಬೀಳುವುದಕ್ಕೆ ಹನ್ನೊಂದು ದಿನ ಮೊದಲು. ಬೀರುವಿನ ಬಾಗಿಲು ಹಿಡಿದುಕೊಂಡೆ.

“ಅವರೇ ನನ್ನನ್ನ ಹುಡುಕ್ಕೊಂಡು ಬಂದಿದ್ರು ಮೇಡಂ. ನಿಮ್ಮ ಮಾತು ಜನ ಕೇಳ್ತಾರೆ, ಈ ಲಿಫ್ಟ್ ವಿಷಯ ಹೇಳಿ ಅಂದ್ರು. ಮೇಲೆ ಕರ್ಕೊಂಡು ಹೋಗಿ ಬ್ರೇಕ್ ತೋರಿಸಿದ್ರು. ಅಲ್ಲೇ ಟೂಲ್ ಬಾಕ್ಸ್ ಮೇಲೆ ಫೋನ್ ಇಟ್ಟು ರೆಕಾರ್ಡ್ ಮಾಡ್ದೆ.”

“ಮಾಡಿ?”

ಅವನು ಫೋನಿನ ಕಾಲುಚೀಲದ ತುದಿ ಎಳೆದು ಸರಿಮಾಡತೊಡಗಿದ.

“ಮಾಡಿ ಏನ್ ಮಾಡ್ದೆ ಅಂತ ಕೇಳ್ದೆ!”

“ಹಾಕ್ಲಿಲ್ಲ. ಇಪ್ಪತ್ತಾರು ನಿಮಿಷ ಮೇಡಂ, ಬರೀ ಲಿಫ್ಟ್ ರಿಪೇರಿ. ಯಾರು ಕೇಳ್ತಾರೆ? ಬೋರು ಅನ್ನಿಸ್ತು. ಇಟ್ಕೊಂಡೆ.”

ಬೋರು. ಯಾರೋ ಇವನ ಕಿಸೆ ತುಂಬಿ ಈ ಕಂತು ಮಾಡಿಸಿದ್ದಾರೆ ಎಂದು ನಾನು ವಾರವಿಡೀ ಲೆಕ್ಕ ಹಾಕಿದ್ದೆ. ಬೆದರಿಸಿರಬಹುದು ಎಂದೂ ಯೋಚಿಸಿದ್ದೆ. ಅದು ಯಾವುದೂ ಅಲ್ಲ. ಒಬ್ಬ ಮನುಷ್ಯ ಕೆಲಸ ಬಿಟ್ಟು ಬಂದು, ಜನ ಸಾಯುತ್ತಾರೆ, ದಯವಿಟ್ಟು ಹೇಳಿ ಎಂದು ಕೈಮುಗಿದಾಗ ಇವನಿಗೆ ಆಕಳಿಕೆ ಬಂದಿತ್ತು. ಆ ಹುಡುಗಿ ಇನ್ನೂ ಹನ್ನೊಂದು ದಿನ ಅದೇ ಲಿಫ್ಟು ಹತ್ತಿ ಇಳಿದಳು. ಆ ಹನ್ನೊಂದು ದಿನವೂ ಎಚ್ಚರಿಕೆ ಇವನ ಕಿಸೆಯಲ್ಲಿ, ಈ ಫೋನಿನಲ್ಲಿ ಬಿದ್ದಿತ್ತು. ನನಗೆ ಅವನ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ನಾನು ಇದುವರೆಗೆ ಯಾರ ಮೇಲೂ ಕೈ ಎತ್ತಿದವಳಲ್ಲ.

“ಲಿಫ್ಟ್ ಬಿದ್ದ ಮೇಲೆ ಬೋರ್ ಅನ್ನಿಸ್ಲಿಲ್ಲ, ಅಲ್ವಾ?”

“ನನಗೂ ಭಯ ಆಯ್ತು ಮೇಡಂ. ಹಾಗೇ ಹಾಕಿದ್ರೆ, ಮೊದಲೇ ಗೊತ್ತಿದ್ದೂ ಯಾಕೆ ಸುಮ್ನಿದ್ದೆ ಅಂತ ಜನ ನನ್ನನ್ನ ಕೇಳ್ತಿದ್ರು. ಆ ಹುಡುಗಿ ಫೋಟೋ ನೋಡಿದಾಗಿಂದ ಊಟ ಸೇರ್ತಿಲ್ಲ ನಂಗೆ.”

“ಊಟ ಸೇರದವನಿಗೆ ಕತ್ತರಿ ಚೆನ್ನಾಗಿ ಹಿಡಿಯೋಕೆ ಬಂತು. ಪ್ರಶ್ನೆ ನಿನ್ನ ಹತ್ರ ಬರಬಾರದು ಅಂತ ಅವನ ತಲೆಗೆ ಕಟ್ಟಿದೆ. ಆ ಹದಿನೈದು ಜನಕ್ಕೆ ಅವನ ಮನೆ ದಾರಿ ತೋರಿಸ್ದೆ.”

“ನಾನು ಹೊಡೀರಿ ಅಂತ ಹೇಳ್ಲಿಲ್ಲ...”

“ಬಾಯಿ ಮುಚ್ಚು.”

ಮುಚ್ಚಿದ. ನಾನು ರಜಾಯಿಯ ಮೇಲಿದ್ದ ಅವನ ಫೋನಿನತ್ತ ಕೈ ತೋರಿಸಿದೆ.

“ಮೂಲ ಎಲ್ಲಿದೆ? ಅಳಿಸಿದೀನಿ ಅಂತ ಮಾತ್ರ ಹೇಳ್ಬೇಡ. ಖಾಲಿ ಸದ್ದನ್ನೂ ಜೋಪಾನ ಮಾಡೋನು ನೀನು.”

ಅವನು ಮೊದಲು ಆಗಲ್ಲ ಎಂದ. ವಕೀಲರನ್ನು ಕೇಳಬೇಕು ಎಂದ. ಪೊಲೀಸರು ಬಂದು ಫೋನನ್ನೇ ಎತ್ತಿಕೊಂಡು ಹೋದರೆ ಇನ್ನೂ ಏನೇನು ಸಿಗುತ್ತದೋ, ಎಷ್ಟು ಜನರ ಮಾತು ಹೀಗೆ ಹೊಲಿದಿದ್ದೀಯೋ ಎಂದು ನಾನು ಕೇಳಿದೆ. ಅವನ ಮುಖ ಬಿಳಿಚಿಕೊಂಡಿತು. ಕಾಲುಚೀಲ ಕಿತ್ತು ಫೋನು ತೆರೆದ.

ಹತ್ತನೇ ತಾರೀಖು, ಬೆಳಿಗ್ಗೆ ಹತ್ತು ನಲವತ್ತು. ಇಪ್ಪತ್ತಾರು ನಿಮಿಷ. ಕಣ್ಣಾರೆ ಓದಿದೆ.

ಅವನು ಒತ್ತಿದ. ಮೊದಲು ಮೂವತ್ತು ಸೆಕೆಂಡು ಮೋಟಾರಿನ ಗುಂಯ್ ಸದ್ದು. ಟಕ್. ಪಾರಿವಾಳ. ಶಟರು. ಟಕ್. ಆಮೇಲೆ ನನ್ನ ತಮ್ಮ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಮಾತು ಶುರು ಮಾಡಿದ.

ಮನೆಯಲ್ಲಿ ಬಾಯಿ ಬಿಡದ ಮನುಷ್ಯ ಅವನು. ಬಡಿಸಿದ್ದು ಸಾಲದಿದ್ದರೂ ಕೇಳುವುದಿಲ್ಲ. ಆ ಇಪ್ಪತ್ತಾರು ನಿಮಿಷದಲ್ಲಿ ಆಡಿದಷ್ಟು ಮಾತನ್ನು ನಾನು ಇಡೀ ವರ್ಷದಲ್ಲಿ ಅವನ ಬಾಯಿಂದ ಕೇಳಿರಲಾರೆ.

“ಬ್ರೇಕ್ ಸವೆದಿದೆ ಅಂತ ಗೊತ್ತಿತ್ತು ಸರ್ ಕಂಪನಿಗೆ. ಮೂರು ಸಲ ಬರೆದುಕೊಟ್ಟೆ. ಬದಲಾಯಿಸ್ಲಿಲ್ಲ. ನಾನೇ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿದೆ, ಒಂದೇ ಗಂಟೆಯೊಳಗೆ ಬೀಗ ಒಡೆಸಿ ಮತ್ತೆ ಓಡಿಸಿದ್ರು. ನಾಳೆ ಯಾರಾದ್ರೂ ಸತ್ರೆ ತಪ್ಪು ನಂದೇ ಅಂತ ಬರ್ಕೋತಾರೆ ಸರ್. ಬರ್ಕೊಳ್ಳಿ. ಅದಕ್ಕೆ ಮೊದಲು ಜನಕ್ಕೆ ನೀವೊಂದು ಮಾತು ಹೇಳಿ. ಮೆಟ್ಟಿಲು ಹತ್ತಿ ಹೋಗಿ ಅನ್ನಿ. ಅಷ್ಟೇ ಸಾಕು.”

ನಾನು ಅಳುತ್ತಿದ್ದೆ. ಇವನ ಮುಂದೆ ಅಳಬಾರದು ಎಂದುಕೊಂಡಿದ್ದೆ, ಆಗಲಿಲ್ಲ. ಇಂಥ ಮಾತನ್ನು ಮೂರು ಕಡೆ ಕತ್ತರಿಸಿ, ನಡುವೆ ಪಾರಿವಾಳ ತುರುಕಿ, ಇವನು ನನ್ನ ತಮ್ಮನನ್ನು ಕೊಲೆಗಾರನನ್ನಾಗಿ ಮಾಡಿದ್ದ.

ಫೋನಿನಲ್ಲಿ ಜೇನುಗಂಟಲಿನ ಪ್ರಶ್ನೆ ಬಂತು, ಅರೆಮನಸ್ಸಿನದು: “ಬರೆದುಕೊಟ್ಟಿದ್ದು ಯಾರ ಕೈಗೆ?”

“ನಮ್ಮ ಮೇಸ್ತ್ರಿ ಕೈಗೇ ಸರ್. ಮೂರೂ ಸಲ. ಅವರೇ ಮೇಲಕ್ಕೆ ಕಳಿಸಬೇಕು. ಕಳಿಸಿದೀನಿ ಅಂದ್ರು. ಬೀಗ ಒಡೆಸಿದ್ದೂ ಅವರೇ. ನಂಗೆ ಕೆಲಸ ಕಲಿಸಿದೋರು, ಅವರ ಮೇಲೆ ಏನ್ ಹೇಳ್ಲಿ? ಈ ಮಾತು ಮಾತ್ರ ಹಾಕ್ಬೇಡಿ.”

“ನಿಲ್ಲಿಸು,” ಎಂದೆ. “ಮತ್ತೊಂದು ಸಲ ಹಾಕು.”

ಮತ್ತೊಂದು ಸಲ ಹಾಕಿದ. ಅದೇ ಮಾತು. ಹೇಳಿದ್ರೆ ನಾನು ಸುಮ್ನಿರ್ತಿದ್ನಾ ಎಂದು ಬೆಳಿಗ್ಗೆ ಕಣ್ಣೀರು ತುಂಬಿಕೊಂಡ ಆ ಮುಖ ನೆನಪಾಯಿತು. ಇಪ್ಪತ್ತೆಂಟು ವರ್ಷ ಊರಿನ ಸುಳ್ಳನ್ನೆಲ್ಲ ಕೇಳಿ ಟೈಪ್ ಮಾಡಿದ ಕಿವಿ ಇದು. ಬೇಕಾದ ಹೊತ್ತಿಗೆ ಕೈಕೊಟ್ಟಿತ್ತು.

“ಆ ಫೈಲು ನನಗೆ ಕಳಿ‌ಸು. ಇನ್ಸ್‌ಪೆಕ್ಟರ್ ನಂಬರಿಗೂ ಕಳಿಸು. ಈಗಲೇ, ನನ್ನೆದುರಿಗೆ.”

ಕಳಿಸಿದ. ನಾನು ನನ್ನ ಫೋನಿನ ಏರೋಪ್ಲೇನ್ ಮೋಡ್ ತೆಗೆದೆ. ಕ್ಷಣ ಹೊತ್ತು ಏನೂ ಇಲ್ಲ. ಆಮೇಲೆ ಫೋನು ನಡುಗಿದ್ದು ನಿಲ್ಲಲೇ ಇಲ್ಲ. ತಮ್ಮನ ಹೆಂಡತಿಯಿಂದ ಏಳು ಕರೆ. ಇನ್ಸ್‌ಪೆಕ್ಟರಿಂದ ನಾಲ್ಕು. ನಾನು ನೋಡುತ್ತಿದ್ದಂತೆ ಐದನೆಯದೂ ಬಂತು.

“ಎಲ್ಲಿದೀರಿ ಮೇಡಂ? ಎಷ್ಟು ಹೊತ್ತಿಂದ ಟ್ರೈ ಮಾಡ್ತಿದೀನಿ. ನಿಮ್ಮ ತಮ್ಮನಿಗೆ ಎಚ್ಚರ ಆಗಿದೆ.”

ನಾನು ಏನೋ ಕೂಗಿದೆ. ಏನೆಂದು ನೆನಪಿಲ್ಲ.

“ಸ್ವಲ್ಪ ಕೇಳಿ,” ಎಂದರು ಇನ್ಸ್‌ಪೆಕ್ಟರ್. ಅವರ ಧ್ವನಿಯಲ್ಲಿ ಸಂತೋಷವಿರಲಿಲ್ಲ. “ಮಾತಾಡೋಕೆ ಆಗ್ತಿಲ್ಲ, ಗಂಟಲಲ್ಲಿ ಟ್ಯೂಬ್ ಇದೆ. ಸನ್ನೆ ಮಾಡಿ ಪೇಪರ್ ಪೆನ್ ಇಸ್ಕೊಂಡು ಬರೆದುಕೊಟ್ಟಿದಾರೆ. ಡಾಕ್ಟರ್ ಸಾಕ್ಷಿ ಹಾಕಿದಾರೆ. ನಾನೀಗ ಕೆಳಗೆ ಆಸ್ಪತ್ರೆ ಆಫೀಸಲ್ಲಿ ಕೂತು ನಕಲು ಮಾಡಿಸ್ತಾ ಇದೀನಿ. ‘ಪಾಡ್‌ಕಾಸ್ಟಿನಲ್ಲಿರುವ ಮಾತು ಪೂರ್ತಿ ನನ್ನದೇ. ಅದನ್ನು ಯಾರೂ ಕತ್ತರಿಸಿಲ್ಲ, ಅಂಟಿಸಿಲ್ಲ.’”

ನಾನು ಗೋಡೆಗೊರಗಿದೆ.

ಕಂತು ಬಂದ ಸಂಜೆಯೇ ಅವನಿಗೆ ಪ್ರಜ್ಞೆ ತಪ್ಪಿದ್ದು. ಕಣ್ಣು ಬಿಟ್ಟದ್ದು ಇವತ್ತು. ಕತ್ತರಿಸಿದ್ದಾರೆ, ಅಂಟಿಸಿದ್ದಾರೆ ಎಂಬ ಮಾತು ಹುಟ್ಟಿದ್ದೇ ಇವತ್ತು ಬೆಳಿಗ್ಗೆ, ಚಹಾ ಅಂಗಡಿಯ ಬೆಂಚಿನ ಮೇಲೆ. ಅದನ್ನು ನಾನು ಹೇಳಿದ್ದು ಒಬ್ಬರಿಗೆ ಮಾತ್ರ.

“ಮೇಡಂ, ಅವನ ಹಾಸಿಗೆ ಹತ್ರ ಈಗ ಯಾರಿದಾರೆ?” ಎಂದು ಕೇಳಿದೆ.

“ಅದನ್ನೇ ಹೇಳೋಕೆ ಹೊರಟೆ. ಇನ್ನೂ ಎರಡು ಸಾಲು ಬರೆದಿದಾರೆ, ಹಾಗೇ ಮಾಡಿದೀವಿ. ನಿಮಗೆ ಬೇಜಾರಾಗಬಹುದು.” ಕಾಗದ ಮಗುಚಿದ ಸದ್ದು ಕೇಳಿಸಿತು. “‘ಅಕ್ಕ ಬಂದರೆ ಒಳಗೆ ಬಿಡಬೇಡಿ. ಹೆಂಡತಿಯನ್ನೂ ಮನೆಗೆ ಕಳಿಸಿ, ಮೇಸ್ತ್ರಿ ಒಬ್ಬರೇ ನನ್ನ ಹತ್ತಿರ ಇರಲಿ.’”